ಉಳಿ ಸದ್ದಿನ ಮಧ್ಯೆ ಒಂದು ಕೆಮ್ಮು

(ಈ ವಾರದ ಆಡಿಯೊ ಸಂಚಿಕೆಯ ಬರಹ ರೂಪ. ಮಾತಾಡಿದ ಹಾಗೇ ಇದೆ, ಅಲ್ಲಲ್ಲಿ ಮಾತ್ರ ತಿದ್ದಲಾಗಿದೆ.)

(ಉಳಿಯ ಸದ್ದು: ಟಣ್... ಟಣ್... ಟಣ್...)

ಈಗ ನೀವು ಕೇಳಿದ್ದು ಕಲ್ಲಿನ ಮೇಲೆ ಉಳಿ ಬೀಳೋ ಸದ್ದು. ರೆಕಾರ್ಡ್ ಮಾಡಿದ್ದು ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ, ತೆಂಗಿನ ತೋಟದ ಬದಿಯಲ್ಲಿ, ಬೆಳಗ್ಗೆ ಏಳು ಗಂಟೆಗೆ. ಹಿಂದ್ಗಡೆ ಸಣ್ಣಗೆ ನವಿಲು ಕೂಗೋದೂ ಕೇಳಿಸುತ್ತೆ, ಇಯರ್‌ಫೋನ್ ಹಾಕ್ಕೊಂಡಿದ್ರೆ ಗಮನಿಸಿ. ಇದೇ ರೆಕಾರ್ಡಿಂಗ್‌ನಲ್ಲಿ ಇನ್ನೊಂದು ಸದ್ದೂ ಇದೆ. ಅದನ್ನ ನಾನು ಕತ್ತರಿಸಿ ಹಾಕೋಕೆ ಹೊರಟಿದ್ದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನನ್ನ ಬಗ್ಗೆ ಗೊತ್ತಿಲ್ಲದೋರಿಗೆ ಎರಡು ಮಾತು. ನಾನು ಓದಿದ್ದು ಬಿ.ಕಾಂ. ಆಮೇಲೆ ಸಿಎ ಇಂಟರ್ ಎರಡು ಸಲ ಬರೆದೆ, ಎರಡು ಸಲವೂ ಆಗ್ಲಿಲ್ಲ. ಬೆಂಗಳೂರಲ್ಲಿ ಒಂದು ಆಫೀಸಲ್ಲಿ ಕೆಲಸಕ್ಕೆ ಸೇರಿ, ಬೇರೆಯವರ ಅಂಗಡಿಗಳ ಜಿಎಸ್‌ಟಿ ರಿಟರ್ನ್ ಫೈಲ್ ಮಾಡ್ತಿದ್ದೆ. ಆ ಕೆಲಸ ಮಾಡಿದೋರಿಗೆ 20ನೇ ತಾರೀಖು ಅಂದ್ರೆ ಏನು ಅಂತ ಗೊತ್ತಿರುತ್ತೆ. ನನಗೆ 17, 18 ಬಂದ್ರೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು. ಎದೆ ಡವಡವ. ಕೈ ಬೆವರೋದು. ಫೋನ್ ತೆಗೆದು ರೀಲ್ಸ್ ನೋಡೋದು, ಅದು ಇನ್ನೂ ಹೆಚ್ಚಾಗೋದು. ಒಂದಿನ ಹಂಗೇ ಆಫೀಸ್ ಮೆಟ್ಟಿಲ ಮೇಲೆ ಕೂತ್ಬಿಟ್ಟೆ, ಮೇಲಕ್ಕೆ ಹತ್ತೋಕಾಗ್ಲಿಲ್ಲ. ಡಾಕ್ಟ್ರಿಗೆ ತೋರಿಸಿದೆ, ಔಷಧಿ ಶುರುವಾಯ್ತು, ಕೆಲಸ ಬಿಟ್ಟು ಅಜ್ಜಿ ಊರಿಗೆ ಬಂದೆ. ಹಾಗೆ ಅರಳಗುಪ್ಪೆ.

ನಮ್ಮ ಕಡೆಯೋರಿಗೆ ಕಾಯೋದು ಹೊಸದಲ್ಲ. ತಿಪಟೂರಿನ ಉಂಡೆ ಕೊಬ್ಬರಿ ತಿಂದಿರ್ತೀರಿ. ಅದು ಹೆಂಗಾಗುತ್ತೆ ಗೊತ್ತಾ? ಬಲಿತ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ವರ್ಷ ಬಿಟ್ಬಿಡ್ತಾರೆ. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಕರಟದಿಂದ ಬಿಟ್ಕೊಂಡು, ಕಾಯಿ ಅಲ್ಲಾಡಿಸಿದ್ರೆ ಗಡಗಡ ಅಂತ ಸದ್ದು ಬರುತ್ತೆ. ಆಗ ಅದು ಕೊಬ್ಬರಿ. ನಮ್ಮಜ್ಜಿ ಅಟ್ಟ ಹತ್ತಿ ಒಂದೊಂದು ಕಾಯಿನೂ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ. "ಇದಿನ್ನೂ ಆಗಿಲ್ಲ ಕಣವ್ವ, ಮಲಗ್ಲಿ ಬಿಡು" ಅಂತ ಪಕ್ಕಕ್ಕಿಡ್ತಾರೆ. ಅಜ್ಜಿ ನನಗೂ ಅದೇ ಟ್ರೀಟ್‌ಮೆಂಟ್ ಕೊಟ್ರು ಅನ್ಸುತ್ತೆ. ಎರಡು ವಾರ ಯಾರೂ ಏನೂ ಕೇಳ್ಲಿಲ್ಲ.

ಮೂರನೇ ವಾರ ಅಜ್ಜಿ ಒಳಕಲ್ಲು ಕುಟ್ಟಿಸ್ಬೇಕು ಅಂತ ಒಬ್ಬರನ್ನ ಕರೆಸಿದ್ರು. ಮಿಕ್ಸಿ ಕಾಲದಲ್ಲಿ ಹುಟ್ಟಿದೋರಿಗೆ ಹೇಳ್ತೀನಿ: ರುಬ್ಬಿ ರುಬ್ಬಿ ಒಳಕಲ್ಲು ನುಣುಪಾಗ್ಬಿಡುತ್ತೆ, ಆಮೇಲೆ ಏನೂ ನುರಿಯಲ್ಲ. ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಮತ್ತೆ ತರಿ ಮಾಡ್ಬೇಕು. ಬಂದೋರು ಎಪ್ಪತ್ತು ದಾಟಿದ ಹಿರಿಯರು. ಊರೋರೆಲ್ಲ ಆಚಾರ್ರು ಅಂತಾರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಗಾಗಿ ಇಲ್ಲೂ ಆಚಾರ್ರು ಅಂತಲೇ ಕರೀತೀನಿ. ನಾಗರಕಲ್ಲು, ತುಳಸಿಕಟ್ಟೆ, ಊರದೇವರ ಪಾದ, ಇವೆಲ್ಲ ಅವರ ಕೆಲಸ.

ನಾನು ಜಗಲಿ ಮೇಲೆ ಕೂತು ನೋಡ್ತಿದ್ದೆ. ಅರ್ಧ ಗಂಟೆ ಆದ್ಮೇಲೆ ನಂಗೆ ಹೊಳೀತು, ಅರ್ಧ ಗಂಟೆಯಿಂದ ನಾನು ಫೋನ್ ಮುಟ್ಟಿಲ್ಲ. ಅವರು ಅದನ್ನ ನೋಡಿದ್ರೋ ಏನೋ, ಸುತ್ತಿಗೆ ನನ್ನ ಕಡೆ ಚಾಚಿ, "ಹೊಡೀತೀಯೇನವ್ವ?" ಅಂದ್ರು.

ಹೊಡೆದೆ. ಕಲ್ಲಿಗೆ ಏನೂ ಆಗ್ಲಿಲ್ಲ, ಒಂದು ಬಿಳಿ ಚುಕ್ಕೆ ಬಿತ್ತು. ನನ್ನ ಮೊಣಕೈ ಮಾತ್ರ ಜುಮ್ ಅಂತು. ಅವರು ನಕ್ಕು, "ನೀನು ಹೊಡೆದೆ, ಅದು ಏನಂತು ಅಂತ ಕೇಳಿಸ್ಕೊಳ್ಳಲಿಲ್ಲ" ಅಂದ್ರು.

ಪಾಡ್‌ಕಾಸ್ಟ್ ಮಾಡೋಳಿಗೆ ಯಾರಾದ್ರೂ ಹಿಂಗಂದ್ರೆ ಹೆಂಗಾಗ್ಬೇಡ! ಮಾರನೇ ದಿನ ನಾನೇ ಅವರ ಶೆಡ್ ಹುಡುಕ್ಕೊಂಡು ಹೋದೆ.

ಕಲ್ಲು ಕೆಲಸದಲ್ಲಿ ಮೊದಲ ಪಾಠ ಕಿವಿದು. ಕಲ್ಲನ್ನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಟಣ್ ಅಂತ ಕಂಚಿನ ಥರ ಸದ್ದು ಬಂದ್ರೆ ಕಲ್ಲು ಗಟ್ಟಿ. ಡಬ್ ಅಂತ ಮಂಕಾಗಿ ಬಂದ್ರೆ ಒಳಗೆಲ್ಲೋ ಬಿರುಕಿದೆ. ಹೊರಗಡೆಯಿಂದ ಕಾಣಲ್ಲ. ಶಿಲ್ಪಶಾಸ್ತ್ರದಲ್ಲಿ ಗಂಡು ಕಲ್ಲು, ಹೆಣ್ಣು ಕಲ್ಲು, ನಪುಂಸಕ ಕಲ್ಲು ಅಂತ ವಿಂಗಡಣೆ ಇದೆಯಲ್ಲ, ಅದಕ್ಕೂ ಸದ್ದೇ ಮುಖ್ಯ ಗುರುತು. ನಂಬಿಕೆ ಇಲ್ದಿದ್ರೆ ತುರುವೇಕೆರೆಗೆ ಹೋಗಿ, ಗಂಗಾಧರೇಶ್ವರ ದೇವಸ್ಥಾನದಲ್ಲಿ ಕಲ್ಲಿನ ಗಂಟೆಯೇ ಇದೆ. ಅಲ್ಲೇ ಕನ್ನಡಿ ಥರ ಹೊಳೆಯೋ ಕರಿಕಲ್ಲಿನ ದೊಡ್ಡ ಬಸವಣ್ಣನೂ ಇದ್ದಾನೆ. ತುರುವೇಕೆರೆ ಕಡೆಯ ಕರಿಕಲ್ಲು ಹಿಂದಿನಿಂದಲೂ ಹೆಸರುವಾಸಿ.

ಎರಡನೇ ಪಾಠ, ಎಲ್ಲಾ ಕಲ್ಲೂ ಒಂದೇ ಅಲ್ಲ. 1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನೋ ಜರ್ಮನ್ ವಿಜ್ಞಾನಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಒಂದು ಪಟ್ಟಿ ಮಾಡಿದ. ವಜ್ರ 10. ಬೆಣಚುಕಲ್ಲು 7. ನಮ್ಮ ಉಗುರು ಸುಮಾರು ಎರಡೂವರೆ. ಟಾಲ್ಕ್, ಅಂದ್ರೆ ಪೌಡರ್ ಡಬ್ಬಿಯಲ್ಲಿ ಇರೋದು, ಬರೀ 1. ಬಳಪದ ಕಲ್ಲಲ್ಲಿ ಈ ಟಾಲ್ಕ್ ಜಾಸ್ತಿ. ಒಂದನೇ ಕ್ಲಾಸಲ್ಲಿ ಸ್ಲೇಟ್ ಮೇಲೆ ಬರೀತಿದ್ದ ಬಳಪ ನೆನಪಿದೆಯಲ್ಲ? ಅದೇ ಜಾತಿ. ಬೇಲೂರು, ಹಳೇಬೀಡು, ಸೋಮನಾಥಪುರ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಮೂರೂ ಹೊಯ್ಸಳ ದೇವಸ್ಥಾನಗಳಲ್ಲಿ ಒಡವೆಯ ಮಣಿ ಮಣಿಯೂ ಕಾಣೋ ಹಾಗೆ ಕೆತ್ತೋಕೆ ಆಗಿದ್ದು ಈ ಮೆತ್ತನೆ ಕಲ್ಲಿಂದ. ಒಳಕಲ್ಲಿನಂಥ ಗಟ್ಟಿ ಕಲ್ಲಲ್ಲಿ ಆ ಕುಸುರಿ ತುಂಬಾ ಕಷ್ಟ. ಹಾಗಾಗಿ ಹೊಸಬರಿಗೆ ನನ್ನ ಸಲಹೆ ಒಂದೇ, ಮೆತ್ತನೆ ಕಲ್ಲಿಂದ ಶುರು ಮಾಡಿ. ಎರಡು ಉಳಿ, ಒಂದು ಸುತ್ತಿಗೆ, ಒಂದು ಅರ, ನೀರಲ್ಲಿ ಉಜ್ಜೋ ಎಮರಿ ಪೇಪರ್. ಒಂದು ಜೊತೆ ಒಳ್ಳೇ ಇಯರ್‌ಬಡ್ಸ್‌ಗಿಂತ ಕಡಿಮೆ ಖರ್ಚು.

ನಾನು ಹಣತೆ ಮಾಡೋಕೆ ಹೊರಟೆ. ಅಂಗೈ ಅಗಲದ್ದು. ದಿನಾ ಒಂದು ಗಂಟೆ. ಆರನೇ ವಾರ ಬತ್ತಿ ಇಡೋ ಮೂತಿ ಕೆತ್ತುವಾಗ ಒಂದೇ ಒಂದು ಏಟು ಜಾಸ್ತಿ ಬಿತ್ತು. ಮೂತಿ ಹಾರಿಹೋಯ್ತು. ಕಂಟ್ರೋಲ್ ಝಡ್ ಇಲ್ಲ. ಎಕ್ಸೆಲ್‌ನಲ್ಲಿ ತಪ್ಪಾದ್ರೆ ಸೆಲ್ ಅಳಿಸಿ ಮತ್ತೆ ಹಾಕ್ಬಹುದು, ಇಲ್ಲಿ ಹೋದದ್ದು ಹೋಯ್ತು. ನಿಜ ಹೇಳ್ತೀನಿ, ನಾನು ಅತ್ತುಬಿಟ್ಟೆ. ಸಿಎ ರಿಸಲ್ಟ್ ದಿನ ಅಳದೇ ಇದ್ದೋಳು ಕಲ್ಲಿನ ಚೂರಿಗೆ ಅತ್ತೆ. ಆಚಾರ್ರು ಸಮಾಧಾನ ಮಾಡ್ಲಿಲ್ಲ. ಮುರಿದ ಕಡೆ ಬೆರಳಾಡಿಸಿ, "ಇದನ್ನ ಇನ್ನೂ ಸ್ವಲ್ಪ ಇಳಿಸು, ಕುಂಕುಮದ ಬಟ್ಟಲಾಗುತ್ತೆ" ಅಂತ ತಮ್ಮ ಕೆಲಸಕ್ಕೆ ಹೋದ್ರು. ಈಗ ಅದು ಅಜ್ಜಿ ದೇವರಮನೆಯಲ್ಲಿ ಕುಂಕುಮದ ಬಟ್ಟಲೇ. ಸ್ವಲ್ಪ ವಾರೆ ಇದೆ.

ಈ ಕೆಲಸ ಯಾಕೆ ನೆಮ್ಮದಿ ಕೊಡುತ್ತೆ ಅಂತ ನಾನು ಬಹಳ ಯೋಚಿಸಿದ್ದೀನಿ. ನನ್ನ ಮಟ್ಟಿಗೆ ಉತ್ತರ ಇಷ್ಟು: ಪ್ರತಿ ಏಟಿನ ಸದ್ದೂ ಮುಂದಿನ ಏಟು ಎಷ್ಟು ಜೋರಾಗಿರ್ಬೇಕು ಅಂತ ಹೇಳುತ್ತೆ. ಕಿವಿ ಅಲ್ಲಿರ್ಲೇಬೇಕು. ಕಿವಿ ಅಲ್ಲಿದ್ದಾಗ 20ನೇ ತಾರೀಖಿನ ಬಗ್ಗೆ ಯೋಚಿಸೋಕೆ ತಲೆಯಲ್ಲಿ ಜಾಗ ಇರಲ್ಲ. ಇದು ಧ್ಯಾನ ಅಂತೆಲ್ಲ ನಾನು ಹೇಳಲ್ಲ. ಒಂದು ಗಂಟೆ ರಜೆ, ಅಷ್ಟೇ.

ಕೆತ್ತೋಕೆ ಆಗದ ದಿನ ಕಲ್ಲು ಹೆಕ್ಕೋದು. ಇದಕ್ಕೆ ಉಳಿ ಸುತ್ತಿಗೆಯೂ ಬೇಡ. ನಮ್ಮ ತೋಟದಲ್ಲೇ ಶುರು ಮಾಡ್ದೆ. ಬೆಳ್ಳಗಿನ ಬೆಣಚುಕಲ್ಲು ಸಿಕ್ತು. ಕಪ್ಪು ಬಿಳುಪು ಪಟ್ಟೆ ಪಟ್ಟೆ ಇರೋ ನೈಸ್ ಶಿಲೆ ಸಿಕ್ತು. ಅದರ ವಯಸ್ಸು ಕೇಳಿದ್ರೆ ತಲೆ ತಿರುಗುತ್ತೆ, ದಕ್ಷಿಣ ಕರ್ನಾಟಕದ ಈ ಪಟ್ಟೆ ಕಲ್ಲುಗಳಿಗೆ ಸುಮಾರು 300 ಕೋಟಿ ವರ್ಷ. ಬೆಂಗಳೂರಲ್ಲಿರೋರು ಲಾಲ್‌ಬಾಗ್ ಬಂಡೆ ಮೇಲೆ ಕೂತು ಸೆಲ್ಫಿ ತಗೊಂಡಿರ್ತೀರಲ್ಲ, ಅದೂ ಇದೇ ಕುಟುಂಬ. ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಚಿಕ್ಕನಾಯಕನಹಳ್ಳಿ ಕಡೆ ಹೋದ್ರೆ ಮಣ್ಣೇ ಕೆಂಪು, ಕಬ್ಬಿಣದ ಅದಿರು, ಮ್ಯಾಂಗನೀಸ್ ಇರೋ ಬೆಟ್ಟಸಾಲು. ರಸ್ತೆ ಬದಿ ಸಿಕ್ಕ ಒಂದು ಕಪ್ಪು ಚೂರು ಗಾತ್ರಕ್ಕಿಂತ ತೂಕ ಜಾಸ್ತಿ, ಮುಟ್ಟಿದ್ರೆ ಕೈಯೆಲ್ಲ ಮಸಿ.

ಕಲ್ಲು ಇಡೋಕೆ ಮೊಟ್ಟೆ ಟ್ರೇ ಸಾಕು, ಒಂದರಲ್ಲಿ 30 ಕೂರುತ್ತೆ. ಕಾಮರ್ಸ್ ಬುದ್ಧಿ ಎಲ್ಲಿ ಹೋಗುತ್ತೆ, ಒಂದು ಸ್ಟಾಕ್ ರಿಜಿಸ್ಟರ್ ಮಾಡಿದ್ದೀನಿ. ನಂಬರ್, ತಾರೀಖು, ಎಲ್ಲಿ ಸಿಕ್ತು, ಉಗುರಿಗೆ ಗೀಚಾಗುತ್ತಾ, ಚಾಕುವಿಗೆ ಗೀಚಾಗುತ್ತಾ. ಎಲ್ಲಿ ಸಿಕ್ತು ಅಂತ ಬರೆದಿಡದ ಕಲ್ಲು ನಿಮ್ಮ ಕೈಲಿ ಬರೀ ಕಲ್ಲೇ.

ಕೆಲವು ಕಡೆ ಕೈ ಹಾಕ್ಬೇಡಿ. ಗುಡಿ ಹತ್ರ ಬಿದ್ದಿರೋ ಕೆತ್ತನೆ ಚೂರು, ವೀರಗಲ್ಲು, ನಾಗರಕಲ್ಲು, ಶಾಸನ, ಯಾವುದನ್ನೂ ಮುಟ್ಟಂಗಿಲ್ಲ. ನೂರು ವರ್ಷ ದಾಟಿದ ಶಿಲ್ಪ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಕೇಸ್ ಆಗುತ್ತೆ. ಕಾಡೊಳಗೆ ಹೆಕ್ಕೋಕೆ ಹೋಗ್ಬೇಡಿ. ಗಣಿ ಗುಂಡಿಗಳಿಗೆ ಇಳೀಲೇಬೇಡಿ. ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಕಬ್ಬಿಣದ ಗಣಿಗಾರಿಕೆಯನ್ನ 2011ರಲ್ಲಿ ಸುಪ್ರೀಂ ಕೋರ್ಟ್ ಯಾಕೆ ನಿಲ್ಲಿಸ್ತು ಅಂತ ಓದಿದ್ರೆ, ಆ ಬೆಟ್ಟಗಳಿಂದ ಈಗಾಗ್ಲೇ ಎಷ್ಟು ಹೊತ್ತಿದ್ದಾರೆ ಅಂತ ಗೊತ್ತಾಗುತ್ತೆ.

ಅರಳಗುಪ್ಪೆಗೆ ಬಂದ್ರೆ ಎರಡು ಗುಡಿ ನೋಡದೇ ಹೋಗ್ಬೇಡಿ. ಒಂದು ಕಲ್ಲೇಶ್ವರ, ಒಂಬತ್ತನೇ ಶತಮಾನದ್ದು. ಒಳಗೆ ಹೋಗಿ ಕತ್ತೆತ್ತಿ ನೋಡಿ. ಚಾವಣಿಯಲ್ಲಿ ಶಿವ ಕುಣೀತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಪಕ್ಕದಲ್ಲಿ ವಾದ್ಯ ನುಡಿಸೋರು. ಕಲ್ಲಲ್ಲಿ ಸದ್ದು ಕೆತ್ತಿದ ಹಾಗಿದೆ. ಇನ್ನೊಂದು ಚೆನ್ನಕೇಶವ, ಹೊಯ್ಸಳರ ಕಾಲದ್ದು, ಹದಿಮೂರನೇ ಶತಮಾನ. ಇಲ್ಲಿ ಕೆತ್ತಿದ ಶಿಲ್ಪಿ ತನ್ನ ಹೆಸರು ಬಿಟ್ಟುಹೋಗಿದ್ದಾನೆ: ಹೊನೋಜ. ಆಚೆ ಕಡೆ ತುಮಕೂರು ಹತ್ತಿರದ ಕೈದಾಳ ಇದೆ, ಜಕಣಾಚಾರಿ ಕಥೆಯ ಊರು. ಆ ಕಥೆ ಮೇಲೆ 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಅಂತ ಸಿನಿಮಾನೂ ಬಂತು. ಜಕಣಾಚಾರಿ ನಮಗೆಲ್ಲ ಗೊತ್ತು. ಹೊನೋಜ ಯಾರಿಗೂ ಗೊತ್ತಿಲ್ಲ. ಅಜ್ಜಿ ಊರಲ್ಲಿ ಪ್ರತಿ ಬೇಸಿಗೆ ರಜೆ ಕಳೆದ ನನಗೇ ಗೊತ್ತಿರ್ಲಿಲ್ಲ. ಆಚಾರ್ರನ್ನ ಕೇಳಿದೆ. "ನಮ್ಮಪ್ಪ ತೋರಿಸಿದ್ರು" ಅಂದ್ರು, ಅಷ್ಟೇ.

ಈಗ ಆ ಇನ್ನೊಂದು ಸದ್ದಿನ ವಿಷಯ.

ಈ ಸಂಚಿಕೆಗೆ ನಾನು ಮೊದಲು ಅಂದ್ಕೊಂಡಿದ್ದು ಹತ್ತು ನಿಮಿಷ ಬರೀ ಉಳಿ ಸದ್ದು. ನಿದ್ದೆ ಬರ್ದಿರೋರಿಗೆ, ಟೆನ್ಷನ್ ಇರೋರಿಗೆ. ಆಚಾರ್ರು ಕೆಲಸ ಮಾಡುವಾಗ ಪಕ್ಕದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡ್ಕೊಂಡೆ. ರಾತ್ರಿ ಎಡಿಟ್ ಮಾಡೋಕೆ ಕೂತ್ರೆ, ಎಂಟ್ಹತ್ತು ಏಟಿಗೊಮ್ಮೆ ಕೆಮ್ಮು. ಒಣ ಕೆಮ್ಮು. ಟೈಮ್‌ಲೈನ್ ಮೇಲೆ ಉಳಿಯ ಗೆರೆ ಸಣ್ಣ, ಕೆಮ್ಮಿನ ಗೆರೆ ದೊಡ್ಡ. ನಾನು ಮಾಮೂಲಿನಂತೆ ಒಂದೊಂದೇ ಕಟ್ ಮಾಡ್ತಾ ಬಂದೆ. ಹದಿನಾಲ್ಕು ಕಟ್ ಆದ್ಮೇಲೆ ಕೈ ನಿಂತ್ಹೋಯ್ತು. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತಿದ್ದೀನಿ. ಕಲ್ಲಿನ ಒಳಗಿನ ಬಿರುಕು ಕೇಳಿಸ್ಕೊಳ್ಳೋಕೆ ಕಲಿತಿದ್ದೀನಿ ಅಂತ ಜಂಭ ಬೇರೆ. ಈ ಕೆಮ್ಮು ಒಂದಿನವೂ ಕಿವಿಗೆ ಬಿದ್ದಿರ್ಲಿಲ್ಲ.

ಮಾರನೇ ದಿನ ಕೇಳಿದೆ. "ಧೂಳು ಕೂತಿದೆ ಅಂದ್ರವ್ವ ಆಸ್ಪತ್ರೆಲಿ. ಹಳೇದು. ನಮ್ಮಣ್ಣಂಗೂ ಇತ್ತು" ಅಂದ್ರು. ಅಣ್ಣ ಈಗಿಲ್ಲ.

ನಾನು ಓದ್ಕೊಂಡಿದ್ದನ್ನ ಹೇಳ್ತೀನಿ. ಗ್ರಾನೈಟ್, ಬೆಣಚುಕಲ್ಲು, ನೈಸ್, ಇವುಗಳಲ್ಲೆಲ್ಲ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಉಸಿರಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂರುತ್ತೆ, ಅಲ್ಲಿ ಗಾಯದ ಕಲೆ ಥರ ಗಟ್ಟಿಯಾಗುತ್ತೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಬಂದ್ಮೇಲೆ ವಾಸಿ ಮಾಡೋ ಔಷಧಿ ಇಲ್ಲ, ಟಿಬಿ ತಗಲೋ ಸಾಧ್ಯತೆಯೂ ಜಾಸ್ತಿಯಾಗುತ್ತೆ. ಕೈ ಉಳಿಗಿಂತ ಗ್ರೈಂಡರ್ ಮಿಷನ್ ಎಬ್ಬಿಸೋ ಧೂಳು ಬಹಳ ಹೆಚ್ಚು. ಮೆತ್ತನೆ ಕಲ್ಲೂ ಪೂರ್ತಿ ಸೇಫ್ ಅಲ್ಲ, ಕೆಲವು ಬಳಪದ ಕಲ್ಲಲ್ಲಿ ಕಲ್ನಾರು ಎಳೆ ಇರಬಹುದು. ಸಿಲಿಕೋಸಿಸ್ 1948ರ ಫ್ಯಾಕ್ಟರಿ ಕಾಯ್ದೆಯ ರೋಗಗಳ ಪಟ್ಟಿಯಲ್ಲಿತ್ತು, ಬಂದ್ರೆ ವರದಿ ಮಾಡ್ಲೇಬೇಕು. ಆದ್ರೆ ತೆಂಗಿನ ಗರಿ ಚಪ್ಪರದ ಕೆಳಗೆ ಒಬ್ಬರೇ ಕೂತು ನಾಗರಕಲ್ಲು ಕೆತ್ತೋರನ್ನ ಯಾರು ಫ್ಯಾಕ್ಟರಿ ಅಂತಾರೆ?

ದೆಹಲಿಯ ಇಂಡಿಯಾ ಗೇಟ್ ಹತ್ರ ಸುಭಾಷ್‌ಚಂದ್ರ ಬೋಸ್ ಪ್ರತಿಮೆ ಇದೆ, 28 ಅಡಿ. ಮೈಸೂರಿನ ಅರುಣ್ ಯೋಗಿರಾಜ್ ಅವರ ನೇತೃತ್ವದಲ್ಲಿ ಕೆತ್ತಿದ್ದು, 2022ರಲ್ಲಿ ನಿಂತಿದ್ದು. 280 ಟನ್ ಬಂಡೆಯಿಂದ 65 ಟನ್ ಪ್ರತಿಮೆ ಬಂತು. ಮೊದಲು ಈ ಲೆಕ್ಕ ಓದಿದಾಗ ಅಬ್ಬಾ ಅಂದಿದ್ದೆ. ಈಗ ಬೇರೆ ಲೆಕ್ಕ ತಲೆಗೆ ಬರುತ್ತೆ. ಕಲ್ಲು ಕೆಲಸ ಅಂದ್ರೆ ಉಳಿದಿದ್ದಕ್ಕಿಂತ ತೆಗೆದಿದ್ದೇ ಜಾಸ್ತಿ. ತೆಗೆದಿದ್ದರಲ್ಲಿ ಚಕ್ಕೆ ಎಷ್ಟು, ಧೂಳು ಎಷ್ಟು? ಊರೂರಲ್ಲಿ, ಇಷ್ಟು ತಲೆಮಾರು, ಆ ಧೂಳೆಲ್ಲ ಎಲ್ಲಿ ಹೋಯ್ತು?

ಆಚಾರ್ರಿಗೆ ಎನ್95 ಮಾಸ್ಕ್ ತಂದುಕೊಟ್ಟೆ. "ಬಾಯಿ ಕಟ್ಕೊಂಡ್ರೆ ಊದೋದು ಹೆಂಗವ್ವ?" ಅಂದ್ರು. ನೋಡಿ, ನಾನದನ್ನ ಯೋಚಿಸೇ ಇರ್ಲಿಲ್ಲ. ಪ್ರತಿ ಹತ್ತು ಏಟಿಗೆ ಅವರು ಧೂಳನ್ನ ಬಾಯಿಂದ ಊದ್ತಾರೆ, ಗೆರೆ ಕಾಣೋಕೆ. ಐವತ್ತು ವರ್ಷದ ಅಭ್ಯಾಸ. ಕೊನೆಗೆ ದಾರಿ ತೋಟದಲ್ಲೇ ಸಿಕ್ತು. ಹಳೇ ಡ್ರಿಪ್ ಪೈಪ್‌ನ ಒಂದು ತುಂಡು, ಮೇಲೊಂದು ಕ್ಯಾನ್ ನೀರು. ಕಲ್ಲಿನ ಮೇಲೆ ಹನಿ ಹನಿ ಬೀಳ್ತಾ ಇರುತ್ತೆ. ಧೂಳು ಏಳಲ್ಲ, ಕೆಸರಾಗಿ ಹರಿದುಹೋಗುತ್ತೆ, ಊದೋ ಅಗತ್ಯವೇ ಇಲ್ಲ. ಮೊದಲನೇ ದಿನ "ಸದ್ದು ಮಂಕಾಗುತ್ತೆ" ಅಂತ ಪೈಪ್ ಕಿತ್ತಿಟ್ರು. ಎರಡನೇ ದಿನವೂ ಅಷ್ಟೇ. ಈಗ ಗ್ರೈಂಡರ್ ಹಾಕೋವಾಗ ಮಾತ್ರ ಇಟ್ಕೊಳ್ತಾರೆ. ಅಷ್ಟಾದ್ರೂ ಆಯ್ತಲ್ಲ ಅಂತ ಸುಮ್ನಿದ್ದೀನಿ. ಕೂತಿರೋ ಧೂಳನ್ನ ಇದು ತೆಗೆಯಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಹಾಗಾಗಿ, ಇದನ್ನ ಕೇಳಿ ಯಾರಾದ್ರೂ ಉಳಿ ಹಿಡಿಯೋದಾದ್ರೆ, ಹಿಡೀರಿ, ಖುಷಿ. ಆದ್ರೆ ಇಷ್ಟು ಮಾಡಿ. ಕಲ್ಲು ಒದ್ದೆ ಇರ್ಲಿ. ಬಾಗಿಲು ಹಾಕಿದ ರೂಮು, ಬಾಲ್ಕನಿ ಬೇಡ, ಬಯಲಲ್ಲಿ ಕೂರಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರೋ ಹಾಗೆ. ಮಾಸ್ಕ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ. ಊದ್ಬೇಡಿ. ಒಣ ಪೊರಕೆಯಲ್ಲಿ ಗುಡಿಸ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳನ್ನ ಹತ್ರ ಕೂರಿಸ್ಕೋಬೇಡಿ. ಕಲಿಯೋದಾದ್ರೆ ಬರೀ ವಿಡಿಯೊ ನೋಡಿ ಕಲೀಬೇಡಿ. ನಿಮ್ಮ ಸುತ್ತಮುತ್ತ ಕಲ್ಲು ಕೆಲಸ ಗೊತ್ತಿರೋರು ಇದ್ದೇ ಇರ್ತಾರೆ. ಕೋಲಾರದ ಕಡೆಯೋರಿಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಇದೆ, ಊರಿಗೂರೇ ಶಿಲ್ಪಿಗಳು. ಕಲಿಸಿದ್ದಕ್ಕೆ ದುಡ್ಡು ಕೊಡಿ. ಅವರಿಗದು ಹವ್ಯಾಸ ಅಲ್ಲ.

ಇನ್ನೊಂದು. ಕಲ್ಲು ಕೆತ್ತಿ ನಾನು ವಾಸಿಯಾದೆ ಅಂತ ಯಾರೂ ತಿಳ್ಕೋಬೇಡಿ. ನನ್ನ ಔಷಧಿ ಇನ್ನೂ ನಡೀತಿದೆ, ಡಾಕ್ಟ್ರು ಹೇಳೋವರೆಗೂ ನಡೆಯುತ್ತೆ. ಕಲ್ಲು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ರಾತ್ರಿ ಮೂರು ಗಂಟೆಗೆ ಎದೆ ಡವಡವ ಅಂತಿದ್ರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ನಾನೀಗ ಎರಡನೇ ಹಣತೆ ಶುರು ಮಾಡಿದ್ದೀನಿ. ಈ ಸಲ ಮೂತಿ ಮೊದಲು ಕೆತ್ತಿಕೊಂಡಿದ್ದೀನಿ, ಹೋದ್ರೆ ಮೊದಲೇ ಹೋಗ್ಲಿ ಅಂತ.

ಕೊನೆಗೆ ಎರಡು ನಿಮಿಷ ಆ ರೆಕಾರ್ಡಿಂಗ್ ಹಾಕ್ತಿದ್ದೀನಿ. ನಿದ್ದೆಗೆ ಅಂತ ಅಲ್ಲ. ಕಟ್ ಮಾಡಿದ್ದ ಹದಿನಾಲ್ಕನ್ನೂ ವಾಪಸ್ ಸೇರಿಸಿದ್ದೀನಿ. ಆಚಾರ್ರಿಗೆ ಕೇಳಿಸಿ, ಒಪ್ಪಿಗೆ ತಗೊಂಡೇ ಹಾಕ್ತಿರೋದು. ಅವರು ಪೂರ್ತಿ ಕೇಳಿ ಹೇಳಿದ್ದಿಷ್ಟು: "ಏಳನೇ ಏಟು ಸರಿ ಬಿದ್ದಿಲ್ಲ ಕಣವ್ವ."

ಮುಂದಿನ ವಾರ ಸಿಗೋಣ. ನಮಸ್ಕಾರ.

(ಉಳಿಯ ಸದ್ದು. ಕೆಮ್ಮು. ಉಳಿಯ ಸದ್ದು.)